ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ‘ಬ್ರೀಚ್’ ಎಂದು ಬಂದರೆ

ಏಳೆಂಟು ತಿಂಗಳಾದ ಮೇಲೆ ಮಾಡಿಸುವ ಗ್ರೋತ್ ಸ್ಕ್ಯಾನಿನ ವರದಿಯಲ್ಲಿ ಮಗುವಿನ ತೂಕ, ನೀರಿನ ಪ್ರಮಾಣ, ಮಾಸು ಎಲ್ಲಿದೆ ಎಂಬ ವಿವರಗಳ ಜೊತೆಗೆ ‘ಪ್ರೆಸೆಂಟೇಷನ್’ ಎಂಬ ಒಂದು ಸಾಲು ಇರುತ್ತದೆ. ಅದರ ಮುಂದೆ ‘ಸೆಫಾಲಿಕ್’ ಎಂದಿದ್ದರೆ, ಅಂದರೆ ತಲೆ ಕೆಳಗಿದ್ದರೆ, ಯಾರೂ ಆ ಸಾಲನ್ನು ಎರಡನೇ ಸಲ ಓದುವುದಿಲ್ಲ. ‘ಬ್ರೀಚ್’ ಎಂದಿದ್ದರೆ ಮಾತ್ರ ಮನೆ ತಲುಪುವಷ್ಟರಲ್ಲಿ ಅಮ್ಮ, ಅತ್ತೆ, ಪಕ್ಕದ ಮನೆಯವರು ಎಲ್ಲರಿಗೂ ‘ಮಗು ಉಲ್ಟಾ ಇದೆಯಂತೆ’ ಎಂಬ ಸುದ್ದಿ ಮುಟ್ಟಿರುತ್ತದೆ. ‘ಹಾಗಾದ್ರೆ ಆಪರೇಷನ್ನೇ ಗತಿ’ ಎಂಬ ತೀರ್ಪೂ ಹಿಂದೆಯೇ ಬರುತ್ತದೆ.

ಬ್ರೀಚ್ ಎಂದರೆ ಮಗುವಿನ ಪೃಷ್ಠವೋ ಕಾಲೋ ಗರ್ಭಕೋಶದ ಬಾಯಿಯ ಕಡೆಗಿದೆ, ತಲೆ ಮೇಲೆ ಪಕ್ಕೆಲುಬಿನ ಹತ್ತಿರವಿದೆ ಎಂದಷ್ಟೇ ಅರ್ಥ. ಇದು ಕಾಯಿಲೆಯಲ್ಲ. ಮಗು ಆ ಹೊತ್ತಿನಲ್ಲಿ ಹೇಗೆ ಕೂತಿದೆ ಎಂಬ ಮಾಹಿತಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕೋ ಬೇಡವೋ ಎಂಬುದು ವರದಿಯ ಇನ್ನೊಂದು ಸಾಲನ್ನು ನೋಡದೆ ಹೇಳುವಂತಿಲ್ಲ: ಇದು ಎಷ್ಟನೇ ವಾರ?

ವಾರ ಯಾಕೆ ಮುಖ್ಯ

28ನೇ ವಾರದಲ್ಲಿ, ಅಂದರೆ ಏಳು ತಿಂಗಳ ಸುಮಾರಿಗೆ, ನಾಲ್ಕೈದು ಮಕ್ಕಳಲ್ಲಿ ಒಂದು ಬ್ರೀಚ್ ಆಗಿಯೇ ಇರುತ್ತದೆ. ದಿನ ತುಂಬುವ ಹೊತ್ತಿಗೆ ಈ ಲೆಕ್ಕ ನೂರಕ್ಕೆ ಮೂರೋ ನಾಲ್ಕೋ ಆಗಿ ಇಳಿಯುತ್ತದೆ. ನಡುವಿನ ಎಂಟು ಹತ್ತು ವಾರಗಳಲ್ಲಿ ಹೆಚ್ಚಿನ ಮಕ್ಕಳು ಯಾರ ಸಹಾಯವೂ ಇಲ್ಲದೆ ತಾವೇ ತಿರುಗಿಕೊಳ್ಳುತ್ತವೆ.

ತಿರುಗುವುದಕ್ಕೆ ಕಾರಣ ಬಹುಮಟ್ಟಿಗೆ ಜಾಗದ ಲೆಕ್ಕಾಚಾರ. ಆರು ತಿಂಗಳಲ್ಲಿ ಮಗು ಚಿಕ್ಕದು, ಸುತ್ತಲಿನ ನೀರು ಹೆಚ್ಚು. ಈಜಿದಂತೆ ಲಾಗ ಹಾಕುತ್ತಲೇ ಇರುತ್ತದೆ. ಬೆಳಗ್ಗೆ ತಲೆ ಕೆಳಗಿದ್ದದ್ದು ಸಂಜೆಗೆ ಅಡ್ಡ ಮಲಗಿರಬಹುದು. ಎಂಟನೇ ತಿಂಗಳಿನಿಂದ ಮಗು ಬೆಳೆಯುವಷ್ಟು ವೇಗದಲ್ಲಿ ನೀರು ಹೆಚ್ಚುವುದಿಲ್ಲ, ಆಡುವ ಜಾಗ ಇಕ್ಕಟ್ಟಾಗುತ್ತದೆ. ಗರ್ಭಕೋಶ ಮೇಲೆ ಅಗಲ, ಕೆಳಗೆ ಕಿರಿದು. ಮಡಚಿದ ಕಾಲು ಮತ್ತು ಪೃಷ್ಠ ಎರಡೂ ಸೇರಿದರೆ ತಲೆಗಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಆ ಭಾಗ ಮೇಲಿನ ಅಗಲಕ್ಕೆ ಹೋಗಿ, ತಲೆ ಕೆಳಗಿನ ಕಿರಿದಾದ ಭಾಗಕ್ಕೆ ಬಂದು ಕೂರುತ್ತದೆ.

ಇಷ್ಟು ತಿಳಿದರೆ 30ನೇ ವಾರದ ವರದಿಗೆ ಅಳುವ ಅಗತ್ಯ ಕಾಣುವುದಿಲ್ಲ. 36ನೇ ವಾರ ದಾಟಿದ ಮೇಲೂ ತಲೆ ಮೇಲೇ ಇದ್ದರೆ ಆಗ ಕೂತು ಮಾತಾಡಬೇಕು. ಆ ನಂತರವೂ ಕೆಲವು ಮಕ್ಕಳು ತಿರುಗುತ್ತವೆ, ಆದರೆ ಕಡಿಮೆ. ಚೊಚ್ಚಲ ಹೆರಿಗೆಯಾದರೆ ನೂರಕ್ಕೆ ಎಂಟು ಎನ್ನುವಷ್ಟು. ಎರಡನೆಯದೋ ಮೂರನೆಯದೋ ಆದರೆ ಹೊಟ್ಟೆಯ ಸ್ನಾಯುಗಳು ಸಡಿಲವಾಗಿರುವುದರಿಂದ ಅವಕಾಶ ತುಸು ಹೆಚ್ಚು.

ಕೂತಿರುವ ಬಗೆಗಳು

ವರದಿಯಲ್ಲಿ ‘ಬ್ರೀಚ್’ ಎಂಬ ಪದದ ಹಿಂದೆ ಇನ್ನೊಂದು ಪದ ಇರುವುದುಂಟು. ‘ಫ್ರಾಂಕ್’ ಎಂದರೆ ಪೃಷ್ಠ ಕೆಳಗೆ, ಎರಡೂ ಕಾಲು ನೇರವಾಗಿ ಮೇಲೆ ಚಾಚಿ ಪಾದ ಮುಖದ ಹತ್ತಿರ. ದಿನ ತುಂಬಿದ ಬ್ರೀಚ್ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಬಗೆ. ‘ಕಂಪ್ಲೀಟ್’ ಎಂದರೆ ಚಕ್ಕಳಮಕ್ಕಳ ಹಾಕಿ ಕೂತ ಹಾಗೆ. ‘ಫುಟ್ಲಿಂಗ್’ ಎಂದರೆ ಒಂದು ಕಾಲೋ ಎರಡೂ ಕಾಲೋ ಕೆಳಗೆ ಇಳಿಬಿದ್ದಿವೆ. ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಈ ಕೊನೆಯದಕ್ಕೆ; ಕಾರಣ ಮುಂದೆ ಬರುತ್ತದೆ.

‘ಟ್ರಾನ್ಸ್‌ವರ್ಸ್ ಲೈ’ ಎಂದಿದ್ದರೆ ಮಗು ಅಡ್ಡ ಮಲಗಿದೆ. ಇದು ಬ್ರೀಚ್‌ಗಿಂತ ಅಪರೂಪ, ದಿನ ತುಂಬಿದಾಗ ಸುಮಾರು 300 ಬಸುರಿಯರಲ್ಲಿ ಒಬ್ಬರಿಗೆ. ಅಡ್ಡ ಇದ್ದ ಮಗು ಹಾಗೆಯೇ ಸಹಜವಾಗಿ ಹುಟ್ಟಲು ಸಾಧ್ಯವೇ ಇಲ್ಲ. ಒಂಬತ್ತನೇ ತಿಂಗಳಲ್ಲಿ ಈ ಸಾಲು ಕಂಡರೆ ದೊಡ್ಡಾಸ್ಪತ್ರೆಯ ಸಂಪರ್ಕದಲ್ಲೇ ಇರಬೇಕು. ಕೆಲವರಿಗೆ ಮೊದಲೇ ದಾಖಲಾಗಲು ಹೇಳುವುದೂ ಇದೆ.

ತಿರುಗದಿದ್ದುದಕ್ಕೆ ಯಾರು ಹೊಣೆ?

ಬಹಳ ಸಲ ಕಾರಣವೇ ಸಿಗುವುದಿಲ್ಲ. ಸಿಕ್ಕರೆ ಅದು ಜಾಗಕ್ಕೋ ನೀರಿಗೋ ಸಂಬಂಧಿಸಿದ್ದು. ನೀರು ತೀರಾ ಕಡಿಮೆಯಿದ್ದರೆ ತಿರುಗಲು ಆಗದು, ತೀರಾ ಹೆಚ್ಚಿದ್ದರೆ ತಿರುಗಿದ್ದು ನಿಲ್ಲದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರಬಹುದು. ಫೈಬ್ರಾಯ್ಡ್ ಗಡ್ಡೆ ಕೆಳಭಾಗದಲ್ಲಿರಬಹುದು. ಕೆಲವರ ಗರ್ಭಕೋಶ ಹುಟ್ಟಿನಿಂದಲೇ ಹೃದಯಾಕಾರದಲ್ಲಿ ಕವಲೊಡೆದಿರುತ್ತದೆ, ಇಲ್ಲವೇ ನಡುವೆ ತೆಳು ಗೋಡೆ ಇರುತ್ತದೆ. ಅವಳಿಗಳಾದರೆ ಇಬ್ಬರಿಗೆ ಜಾಗ ಹಂಚಬೇಕು. ದಿನ ತುಂಬುವ ಮೊದಲೇ ಹೆರಿಗೆಯಾದರೆ ತಿರುಗಲು ಸಮಯವೇ ಸಿಕ್ಕಿರುವುದಿಲ್ಲ. ವಿರಳವಾಗಿ ಮಗುವಿನ ಬೆಳವಣಿಗೆಯಲ್ಲಿಯೇ ಏನೋ ತೊಡಕಿರಬಹುದು. ಅದಕ್ಕೇ ವೈದ್ಯರು ಹಳೆಯ ಸ್ಕ್ಯಾನ್ ವರದಿಗಳನ್ನು ಮತ್ತೆ ತೆಗೆಸಿ ನೋಡುತ್ತಾರೆ.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಿ. ಮಗ್ಗುಲು ಬದಲಿಸುವಾಗ ಎದ್ದು ಕೂತು ಬದಲಿಸಲಿಲ್ಲ, ಬಟ್ಟೆ ಒಗೆದಳು, ಬಸ್ಸಿನಲ್ಲಿ ಓಡಾಡಿದಳು, ಗ್ರಹಣದ ದಿನ ಹೊರಗೆ ಬಂದಳು: ಮನೆಯಲ್ಲಿ ಕೇಳಿಬರುವ ಈ ಯಾವುದಕ್ಕೂ ಮಗು ಕೂತ ಭಂಗಿಗೂ ಸಂಬಂಧವಿಲ್ಲ. ಬಸುರಿಯನ್ನು ತಪ್ಪಿತಸ್ಥಳನ್ನಾಗಿ ನಿಲ್ಲಿಸುವ ಮಾತುಗಳನ್ನು ಇಲ್ಲಿಗೇ ಬಿಡಬಹುದು.

ಕೈಗೆ ಹೇಗೆ ಗೊತ್ತಾಗುತ್ತದೆ

ಸ್ಕ್ಯಾನ್ ಬರುವ ಮೊದಲೂ ಇದನ್ನು ಕಂಡುಹಿಡಿಯುತ್ತಿದ್ದರು, ಈಗಲೂ ಮೊದಲ ಸುಳಿವು ಸಿಗುವುದು ಕೈಗೇ. ತಪಾಸಣೆಯಲ್ಲಿ ನರ್ಸ್ ಅಥವಾ ವೈದ್ಯರು ಎರಡೂ ಅಂಗೈಗಳಿಂದ ಹೊಟ್ಟೆಯ ಮೇಲ್ತುದಿಯನ್ನು ಹಿಡಿಯುತ್ತಾರೆ. ಅಲ್ಲಿ ಗಟ್ಟಿಯಾದ, ದುಂಡಗಿನ, ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಆಚೀಚೆ ಆಡುವ ಭಾಗ ಸಿಕ್ಕರೆ ಅದು ತಲೆ. ಮೆತ್ತಗೆ, ಅಗಲವಾಗಿ, ತಳ್ಳಿದರೆ ಇಡೀ ಮೈಯೊಂದಿಗೆ ಸರಿಯುವಂತಿದ್ದರೆ ಪೃಷ್ಠ. ಬ್ರೀಚ್ ಮಗುವಿನ ಎದೆಬಡಿತ ತಾಯಿಯ ಹೊಕ್ಕುಳಿನ ಮಟ್ಟದಲ್ಲೋ ಅದಕ್ಕೂ ಮೇಲೋ ಚೆನ್ನಾಗಿ ಕೇಳುತ್ತದೆ. ತಾಯಿಗೂ ಕೆಲವೊಮ್ಮೆ ಗೊತ್ತಾಗುತ್ತದೆ: ಒದೆತ ಮೂತ್ರಕೋಶದ ಕಡೆಗೆ, ಪಕ್ಕೆಲುಬಿನ ಕೆಳಗೆ ಗಟ್ಟಿ ಉಂಡೆ ಒತ್ತಿದಂತೆ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡಿನ ಜನ ಬೆರಗಿನಿಂದ ಮಾತಾಡಿಕೊಂಡದ್ದು ಅವರ ಇದೇ ಕೈಗುಣದ ಬಗ್ಗೆ. ಮುಟ್ಟಿ ನೋಡಿಯೇ ಮಗುವಿನ ತಲೆ ಎಲ್ಲಿದೆ ಎಂದು ಅವರು ಹೇಳುತ್ತಿದ್ದರು. ಅದು ಪವಾಡವಲ್ಲ, ಸಾವಿರಾರು ಹೆರಿಗೆಗಳ ಅಭ್ಯಾಸ. ಹಾಗಿದ್ದೂ ಎಷ್ಟೇ ಪಳಗಿದ ಕೈಯಾದರೂ ತಪ್ಪಬಹುದು, ಅದರಲ್ಲೂ ಮಗು ಫ್ರಾಂಕ್ ಬ್ರೀಚ್‌ನಲ್ಲಿ ಕೆಳಗಿಳಿದು ಬಿಗಿಯಾಗಿ ಕೂತಿದ್ದರೆ. ಆದ್ದರಿಂದ 36ನೇ ವಾರದ ಸುಮಾರಿಗೆ ಅನುಮಾನ ಬಂದರೆ ಒಂದು ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳುವುದು ಕ್ರಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರೇ ಬಸುರಿಯರ ತಪಾಸಣೆ ಮಾಡುತ್ತಾರೆ. ಎಂಟು ತುಂಬಿದವರು ತಾಯಿ ಕಾರ್ಡ್ ಹಿಡಿದು ಹೋಗಿ ‘ತಲೆ ಎಲ್ಲಿದೆ’ ಎಂದು ಬಾಯಿಬಿಟ್ಟು ಕೇಳಲು ಇದು ಒಳ್ಳೆಯ ದಿನ.

ತಲೆ ಕೊನೆಗೆ ಬಂದರೆ ಆಗುವ ತೊಂದರೆ

ಸೀಮಂತದ ದಿನ ಬಳೆಗಾರ ಬಳೆ ತೊಡಿಸುವುದನ್ನು ನೋಡಿದ್ದೀರಲ್ಲ. ಬೆರಳುಗಳು ಸಲೀಸಾಗಿ ದಾಟುತ್ತವೆ, ಬಳೆ ಬಂದು ನಿಲ್ಲುವುದು ಗೆಣ್ಣಿನ ಹತ್ತಿರ. ಬ್ರೀಚ್ ಹೆರಿಗೆಯ ಕಷ್ಟವೂ ಇದೇ. ಮಗುವಿನ ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ, ಗಟ್ಟಿಯಾದ ಭಾಗ ತಲೆ. ತಲೆ ಮೊದಲು ಬಂದರೆ ಗಂಟೆಗಟ್ಟಲೆ ನೋವಿನಲ್ಲಿ ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ತುಸು ಸರಿದು, ಸೊಂಟದ ಮೂಳೆಗೂಡಿಗೆ ಹೊಂದಿಕೊಂಡು ಬರುತ್ತವೆ. ಅದು ದಾಟಿತೆಂದರೆ ಮಿಕ್ಕ ಮೈ ಬಹುತೇಕ ಸಲೀಸು. ಬ್ರೀಚ್‌ನಲ್ಲಿ ಕಾಲು, ಸೊಂಟ, ಎದೆ ಹೊರಬಂದ ಮೇಲೆ ತಲೆಗೆ ಹಾಗೆ ಹೊಂದಿಕೊಳ್ಳಲು ಸಮಯ ಉಳಿದಿರುವುದಿಲ್ಲ. ಆ ಹೊತ್ತಿಗೆ ಹೊಕ್ಕುಳ ಬಳ್ಳಿ ತಲೆ ಮತ್ತು ಮೂಳೆಯ ನಡುವೆ ಅಮುಕಿರುತ್ತದೆ, ಮಗುವಿಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತಿರುತ್ತದೆ. ಕೈಗಳು ತಲೆಯ ಹಿಂದಕ್ಕೆ ಹೋಗಿದ್ದರೆ ಇನ್ನಷ್ಟು ತಡ.

ಎರಡನೆಯ ತೊಂದರೆ ಬಳ್ಳಿ ಜಾರುವುದು. ತಲೆ ಗರ್ಭಕೋಶದ ಬಾಯಿಗೆ ಮುಚ್ಚಳದಂತೆ ಕೂರುತ್ತದೆ. ಫ್ರಾಂಕ್ ಬ್ರೀಚ್‌ನಲ್ಲಿ ಪೃಷ್ಠವೂ ಸುಮಾರಾಗಿ ಹಾಗೆಯೇ ಮುಚ್ಚುತ್ತದೆ. ಫುಟ್ಲಿಂಗ್‌ನಲ್ಲಿ ಸಣ್ಣ ಪಾದದ ಸುತ್ತ ಜಾಗ ಖಾಲಿ. ನೀರು ಒಡೆದಾಗ ಆ ಸಂದಿನಿಂದ ಬಳ್ಳಿ ಕೆಳಗೆ ಜಾರಿಬಿಡಬಹುದು. ಇದು ನಿಮಿಷಗಳ ಲೆಕ್ಕದ ತುರ್ತು.

ಹೊರಗಿನಿಂದ ತಿರುಗಿಸುವುದು

ನಮ್ಮಲ್ಲಿ ಎಷ್ಟೋ ಕುಟುಂಬಗಳಿಗೆ ಹೀಗೊಂದು ದಾರಿ ಇದೆ ಎಂಬುದೇ ಗೊತ್ತಿರುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಹೊಟ್ಟೆಯ ಮೇಲಿನಿಂದ ಕೈಯಿಂದಲೇ ಒತ್ತಿ ಮಗುವನ್ನು ತಿರುಗಿಸುವ ವಿಧಾನ ಇದು. ‘ಎಕ್ಸ್‌ಟರ್ನಲ್ ಸೆಫಾಲಿಕ್ ವರ್ಷನ್’ ಎನ್ನುತ್ತಾರೆ, ಚುಟುಕಾಗಿ ಇ.ಸಿ.ವಿ. ಚೊಚ್ಚಲ ಬಸುರಿಗೆ 36ನೇ ವಾರದಿಂದ, ಹಿಂದೆ ಹೆತ್ತವರಿಗೆ 37ನೇ ವಾರದಿಂದ ಮಾಡುವುದು ವಾಡಿಕೆ. ಅದಕ್ಕೂ ಮೊದಲು ಮಾಡಿದರೆ ಮಗು ವಾಪಸು ತಿರುಗಬಹುದು. ಏನಾದರೂ ತೊಂದರೆಯಾಗಿ ತಕ್ಷಣ ಹೆರಿಗೆ ಮಾಡಿಸಬೇಕಾಗಿ ಬಂದರೆ ಮಗು ಇನ್ನೂ ಎಳೆಯದಾಗಿರುತ್ತದೆ.

ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯಲ್ಲಿ ಮಾತ್ರ ಇದನ್ನು ಮಾಡಬೇಕು. ಮೊದಲು ಸ್ಕ್ಯಾನ್ ಮಾಡಿ ಮಗು ಎತ್ತ ಮುಖ ಮಾಡಿದೆ, ನೀರೆಷ್ಟಿದೆ, ಮಾಸು ಎಲ್ಲಿದೆ ಎಂದು ನೋಡುತ್ತಾರೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ಎದೆಬಡಿತದ ಗ್ರಾಫ್ ತೆಗೆಯುತ್ತಾರೆ (ಇದನ್ನೇ ಎನ್‌ಎಸ್‌ಟಿ ಎನ್ನುವುದು). ಗರ್ಭಕೋಶ ಬಿಗಿಯಾಗದಿರಲೆಂದು ಟರ್ಬುಟಲಿನ್‌ನಂಥ ಒಂದು ಇಂಜೆಕ್ಷನ್ ಕೊಡುವುದುಂಟು. ಅದರಿಂದ ಸ್ವಲ್ಪ ಹೊತ್ತು ತಾಯಿಯ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ಹೆದರಬೇಕಿಲ್ಲ, ಇಳಿಯುತ್ತದೆ. ಮೂತ್ರ ಮಾಡಿ ಬಂದು ಅಂಗಾತ ಮಲಗಿ, ಒಂದು ಪಕ್ಕಕ್ಕೆ ತುಸು ವಾಲಿಸಿದ ಮೇಲೆ, ವೈದ್ಯರು ಹೊಟ್ಟೆಗೆ ಜೆಲ್ ಸವರಿ ಒಂದು ಕೈಯಿಂದ ಪೃಷ್ಠವನ್ನು ಸೊಂಟದ ಮೂಳೆಯಿಂದ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ತಲೆಯನ್ನು ಕೆಳಗಿನತ್ತ ಸರಿಸುತ್ತಾರೆ. ಮಗು ಮುಂದಕ್ಕೆ ಲಾಗ ಹಾಕಿದಂತೆ ತಿರುಗುತ್ತದೆ. ಒತ್ತುವುದು ಕೆಲವೇ ನಿಮಿಷ. ನೋವಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ: ಕೆಲವರಿಗೆ ಬರೀ ಬಿಗಿತ, ಕೆಲವರಿಗೆ ಸಹಿಸಲಾಗದಷ್ಟು. ‘ಸಾಕು’ ಎಂದರೆ ನಿಲ್ಲಿಸಬೇಕು, ನಿಲ್ಲಿಸುತ್ತಾರೆ. ಮುಗಿದ ಮೇಲೆ ಮತ್ತೆ ಗ್ರಾಫ್. ರಕ್ತದ ಗುಂಪು ನೆಗೆಟಿವ್ ಇರುವ ತಾಯಂದಿರಿಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ.

ಫಲ? ಸುಮಾರು ಅರ್ಧದಷ್ಟು ಜನರಲ್ಲಿ ಮಗು ತಿರುಗುತ್ತದೆ. ಚೊಚ್ಚಲದವರಲ್ಲಿ ನೂರಕ್ಕೆ 40ರ ಆಸುಪಾಸು, ಹಿಂದೆ ಹೆತ್ತವರಲ್ಲಿ 60ರ ಆಸುಪಾಸು. ತಿರುಗಿದವುಗಳಲ್ಲಿ ವಾಪಸು ಬ್ರೀಚ್ ಆಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಎದೆಬಡಿತ ಇಳಿದೋ ರಕ್ತಸ್ರಾವವಾಗಿಯೋ ತುರ್ತು ಸಿಸೇರಿಯನ್ ಬೇಕಾಗುವುದು ಸುಮಾರು 200ರಲ್ಲಿ ಒಬ್ಬರಿಗೆ. ಥಿಯೇಟರ್ ಹತ್ತಿರವಿರಬೇಕು ಎನ್ನುವುದು ಆ ಒಬ್ಬರಿಗಾಗಿ.

ಎಲ್ಲರಿಗೂ ಇದು ಆಗದು. ಮಾಸು ಬಾಯಿಗೆ ಅಡ್ಡವಿದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ, ನೀರು ಒಡೆದಿದ್ದರೆ, ಗ್ರಾಫ್ ಸರಿಯಿಲ್ಲದಿದ್ದರೆ, ಅವಳಿಗಳಿದ್ದರೆ, ಬೇರೆ ಕಾರಣಕ್ಕೆ ಹೇಗಿದ್ದರೂ ಸಿಸೇರಿಯನ್ ಆಗಲೇಬೇಕಿದ್ದರೆ ಮಾಡುವುದಿಲ್ಲ. ಹಿಂದೆ ಒಂದು ಸಿಸೇರಿಯನ್ ಆದವರಿಗೆ ಪೂರ್ತಿ ನಿಷೇಧವಿಲ್ಲ, ಆದರೆ ನೋಡಿಕೊಂಡು ನಿರ್ಧರಿಸಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಮಾಡುವವರಿರುವುದಿಲ್ಲ. ‘ನನಗೆ ಇ.ಸಿ.ವಿ. ಆಗುತ್ತದೆಯೇ, ಇಲ್ಲಿ ಮಾಡುತ್ತೀರಾ, ಇಲ್ಲವಾದರೆ ಎಲ್ಲಿ ಮಾಡುತ್ತಾರೆ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 36ನೇ ವಾರದಲ್ಲೇ ಕೇಳಿ. 39ರಲ್ಲಿ ಕೇಳಿದರೆ ಹೊತ್ತು ಮೀರಿರಬಹುದು.

ಸಿಸೇರಿಯನ್ನೇ ರೂಢಿಯಾದದ್ದು ಹೇಗೆ

ಹಿಂದಿನ ತಲೆಮಾರಿನಲ್ಲಿ ಬ್ರೀಚ್ ಮಕ್ಕಳು ಸಹಜವಾಗಿಯೇ ಹುಟ್ಟುತ್ತಿದ್ದವು. ‘ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ತುಳಿಸಿಕೊಂಡರೆ ಹಿಡಿತ ಬಿಡುತ್ತದೆ’ ಎಂಬ ನಂಬಿಕೆ ಹುಟ್ಟಬೇಕಾದರೆ ಅಂಥವರು ಊರಿಗೊಬ್ಬರಾದರೂ ಇದ್ದಿರಬೇಕಲ್ಲ! ಬದುಕಿ ಉಳಿಯದವರ ಕಥೆ ಮಾತ್ರ ನಂಬಿಕೆಗಳಲ್ಲಿ ಸಿಗುವುದಿಲ್ಲ.

ಇಡೀ ಜಗತ್ತಿನ ಪದ್ಧತಿ ಬದಲಾದದ್ದು 2000ದಲ್ಲಿ. ಕೆನಡಾದ ವೈದ್ಯೆ ಮೇರಿ ಹನ್ನಾ ಅವರ ಮುಂದಾಳತ್ವದಲ್ಲಿ 26 ದೇಶಗಳ 121 ಆಸ್ಪತ್ರೆಗಳಲ್ಲಿ 2,088 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲೇ ದಿನ ಗೊತ್ತು ಮಾಡಿದ ಸಿಸೇರಿಯನ್, ಇನ್ನೊಂದಕ್ಕೆ ಸಹಜ ಹೆರಿಗೆಯ ಪ್ರಯತ್ನ ಎಂದು ಹೋಲಿಸಿದರು. ಮಗುವಿನ ಸಾವು ಅಥವಾ ಗಂಭೀರ ತೊಂದರೆ ಸಿಸೇರಿಯನ್ ಗುಂಪಿನಲ್ಲಿ ನೂರಕ್ಕೆ 1.6, ಸಹಜ ಹೆರಿಗೆಯ ಗುಂಪಿನಲ್ಲಿ 5. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದ ಎರಡೇ ತಿಂಗಳಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಬ್ರೀಚ್‌ಗೆ ಸಿಸೇರಿಯನ್ ಪ್ರಮಾಣ ನೂರಕ್ಕೆ 50ರಿಂದ 80ಕ್ಕೆ ಏರಿತು.

ಆಮೇಲಿನ ಕಥೆ ಇಷ್ಟು ಸರಳವಲ್ಲ. ಅದೇ ಅಧ್ಯಯನದ ಮಕ್ಕಳಲ್ಲಿ ಹಲವರನ್ನು ಎರಡು ವರ್ಷದ ಪ್ರಾಯದಲ್ಲಿ ನೋಡಿದಾಗ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 2006ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ ಎಂಟು ಸಾವಿರಕ್ಕೂ ಹೆಚ್ಚು ತಾಯಂದಿರ ಅಧ್ಯಯನ, ಸರಿಯಾಗಿ ಆಯ್ಕೆ ಮಾಡಿ ಪಳಗಿದವರ ಕೈಯಲ್ಲಿ ಹೆರಿಗೆಯಾದರೆ ಸಹಜ ಹೆರಿಗೆಯೂ ಸುರಕ್ಷಿತವಾಗಿರಬಹುದು ಎಂದು ತೋರಿಸಿತು. ಬ್ರಿಟನ್ನಿನ ರಾಯಲ್ ಕಾಲೇಜಿನ ಪ್ರಸೂತಿ ತಜ್ಞರು 2017ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 39 ವಾರದ ನಂತರದ ಯೋಜಿತ ಸಿಸೇರಿಯನ್‌ನಲ್ಲಿ ಮಗು ಸಾಯುವ ಸಂಭವ ಸಾವಿರಕ್ಕೆ 0.5, ತಲೆ ಕೆಳಗಿರುವ ಸಹಜ ಹೆರಿಗೆಯಲ್ಲಿ ಸಾವಿರಕ್ಕೆ 1, ಬ್ರೀಚ್‌ನ ಸಹಜ ಹೆರಿಗೆಯಲ್ಲಿ ಸಾವಿರಕ್ಕೆ 2. ಅದು ಅಲ್ಲಿನ ಆಸ್ಪತ್ರೆಗಳ ಲೆಕ್ಕ ಎಂಬುದು ನೆನಪಿರಲಿ.

ಕಾಲು ಶತಮಾನದಿಂದ ಸಿಸೇರಿಯನ್ನೇ ಮಾಡುತ್ತ ಬಂದದ್ದರಿಂದ ಬ್ರೀಚ್ ಹೆರಿಗೆ ಮಾಡಿಸಿ ಪಳಗಿದ ಕೈಗಳೂ ಕಡಿಮೆಯಾಗಿವೆ. ಹೀಗಾಗಿ ‘ನಾರ್ಮಲ್ ಆಗುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರ ಮಗುವಿನ ಭಂಗಿಯಷ್ಟೇ ಆ ಆಸ್ಪತ್ರೆಯ ಮೇಲೂ ನಿಂತಿದೆ. ಫ್ರಾಂಕ್ ಅಥವಾ ಕಂಪ್ಲೀಟ್ ಆಗಿದ್ದು, ಮಗು ತೀರಾ ದೊಡ್ಡದೂ ತೀರಾ ಚಿಕ್ಕದೂ ಅಲ್ಲದೆ, ಕತ್ತು ಹಿಂದಕ್ಕೆ ಬಾಗದೆ, ಅನುಭವಿಗಳು ಹಗಲೂ ರಾತ್ರಿ ಸಿಗುವಂತಿದ್ದರೆ ಯೋಚಿಸಬಹುದು. ಫುಟ್ಲಿಂಗ್ ಆದರೆ ಇಲ್ಲ. ಅವಳಿಗಳ ವಿಷಯ ಬೇರೆ: ಮೊದಲ ಮಗು ತಲೆ ಕೆಳಗಿದ್ದರೆ, ಎರಡನೆಯದು ಬ್ರೀಚ್ ಇದ್ದರೂ ಸಹಜ ಹೆರಿಗೆ ಅನೇಕರಿಗೆ ಸಾಧ್ಯ.

ಸಿಸೇರಿಯನ್ ನಿಗದಿಯಾದರೆ ಸಾಮಾನ್ಯವಾಗಿ 39ನೇ ವಾರ ತುಂಬುವ ಸುಮಾರಿಗೆ. ಆ ದಿನ ಬೆಳಗ್ಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಲು ಹೇಳಿ; ಕೊನೆಯ ವಾರದಲ್ಲಿ ತಿರುಗಿದ ಮಕ್ಕಳೂ ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತ. ಅನುಕೂಲದ ಜೊತೆ ಬೆಲೆಯೂ ಇದೆ: ತಾಯಿಗೆ ಚೇತರಿಕೆ ನಿಧಾನ, ಗರ್ಭಕೋಶದ ಗಾಯದ ಗುರುತು ಮುಂದಿನ ಬಸುರಿನಲ್ಲಿ ಮಾಸು ಅಂಟಿಕೊಳ್ಳುವಂಥ ತೊಡಕು ತರಬಹುದು. ಇನ್ನೂ ಮಕ್ಕಳು ಬೇಕೆನ್ನುವವರು ಇದನ್ನು ವೈದ್ಯರ ಜೊತೆ ಮಾತಾಡಿಯೇ ಮುಂದುವರಿಯಬೇಕು.

ಮನೆಯ ಉಪಾಯಗಳು

ಮೊಣಕಾಲೂರಿ ಎದೆ ನೆಲಕ್ಕೆ ತಾಗಿಸುವ ಭಂಗಿ, ಸೊಂಟದ ಕೆಳಗೆ ದಿಂಬು, ಹೊಟ್ಟೆಯ ಕೆಳಗೆ ಹಾಡು ಹಾಕುವುದು, ಟಾರ್ಚ್ ಬಿಡುವುದು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಸಿಗುತ್ತವೆ. ಭಂಗಿಗಳಿಂದ ಮಗು ತಿರುಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ತಲೆಸುತ್ತು ಬಾರದಿದ್ದರೆ ಮಾಡಿಕೊಳ್ಳುವುದರಿಂದ ಹಾನಿಯೂ ಕಾಣುವುದಿಲ್ಲ. ಕಾಲಿನ ಕಿರುಬೆರಳಿನ ಬಳಿ ಮೂಲಿಕೆ ಉರಿಸಿ ಶಾಖ ಕೊಡುವ ಚೀನೀ ಪದ್ಧತಿಗೂ ಪುರಾವೆ ಅಷ್ಟಕ್ಕಷ್ಟೆ. ಹೊಟ್ಟೆಗೆ ಎಣ್ಣೆ ಹಚ್ಚಿ ನೀವಿ ತಿರುಗಿಸುತ್ತೇವೆ ಎನ್ನುವವರಿಗೆ ಮಾತ್ರ ಹೊಟ್ಟೆ ಕೊಡಬೇಡಿ. ಆಸ್ಪತ್ರೆಯಲ್ಲಿ ಮಾಡುವುದೂ ಕೈಯಿಂದಲೇ ಅಲ್ಲವೇ ಎಂದು ಕೇಳಬಹುದು. ಅಲ್ಲಿ ಎದೆಬಡಿತ ನೋಡುವ ಯಂತ್ರ ಇದೆ, ಮಾಸು ಕಿತ್ತುಬಂದರೆ ತಕ್ಷಣ ಮಗುವನ್ನು ತೆಗೆಯುವ ಥಿಯೇಟರ್ ಇದೆ. ಮನೆಯ ಹಜಾರದಲ್ಲಿ ಎರಡೂ ಇಲ್ಲ.

ದಿನಕ್ಕೆ ಮೊದಲೇ ನೋವು ಬಂದರೆ, ನೀರು ಒಡೆದರೆ

ಬ್ರೀಚ್ ಎಂದು ಗೊತ್ತಿದ್ದವರು ‘ನೋವು ಬಲಿಯಲಿ ನೋಡೋಣ’ ಎಂದು ಕಾಯುವಂತಿಲ್ಲ. ನೀರು ಹೋದ ತಕ್ಷಣ, ಇಲ್ಲವೇ ನೋವು ಶುರುವಾದ ಕೂಡಲೇ 108ಕ್ಕೆ ಫೋನ್ ಮಾಡಿ, ಸಿಸೇರಿಯನ್ ಮಾಡುವ ಆಸ್ಪತ್ರೆಗೇ ಹೋಗಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಲ್ಲಿಂದ ಮತ್ತೆ ತಾಲ್ಲೂಕಿಗೆ ಕಳಿಸಿಕೊಂಡರೆ ಹೊತ್ತು ಹೋಗುತ್ತದೆ. ಯಾವ ಆಸ್ಪತ್ರೆ, ರಾತ್ರಿ ಅರಿವಳಿಕೆ ವೈದ್ಯರು ಇರುತ್ತಾರೆಯೇ ಎಂಬುದನ್ನು ಒಂಬತ್ತರಲ್ಲೇ ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ.

ನೀರಿನ ಜೊತೆ ಹಗ್ಗದಂತೆ ಏನೋ ಜಾರಿದ ಹಾಗಾದರೆ ಅದು ಬಳ್ಳಿ. ಅದನ್ನು ಮುಟ್ಟಬಾರದು, ಒಳಗೆ ತಳ್ಳಬಾರದು. ತಾಯಿ ಮೊಣಕಾಲೂರಿ, ತಲೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಇರಬೇಕು. ಆಂಬುಲೆನ್ಸಿನಲ್ಲಿ ಎಡಮಗ್ಗುಲಾಗಿ ಮಲಗಿ ಸೊಂಟದ ಕೆಳಗೆ ದಿಂಬು. ಹಾಗೆ ಮಾಡಿದರೆ ಮಗುವಿನ ಭಾರ ಬಳ್ಳಿಯ ಮೇಲೆ ಬೀಳುವುದು ಕಡಿಮೆಯಾಗುತ್ತದೆ.

ಹುಟ್ಟಿದ ಮೇಲೆ ನೋಡಬೇಕಾದ ಒಂದು ಕೀಲು

ಫ್ರಾಂಕ್ ಬ್ರೀಚ್ ಆಗಿದ್ದ ಮಗು ಹುಟ್ಟಿದ ಮೇಲೂ ಕೆಲವು ದಿನ ಕಾಲನ್ನು ಮುಖದ ಕಡೆಗೇ ಎತ್ತಿಕೊಂಡಿರುತ್ತದೆ. ನೋಡಲು ಬಂದವರು ಗಾಬರಿಯಾಗುತ್ತಾರೆ. ಅದು ತಾನಾಗಿ ಇಳಿಯುತ್ತದೆ. ಮುಖ್ಯವಾಗಿ ನೋಡಬೇಕಾದದ್ದು ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲು. ಬ್ರೀಚ್ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಈ ಕೀಲಿನ ಗುಳಿ ಸರಿಯಾಗಿ ಬೆಳೆಯದಿರುವ ಸಂಭವ ಹೆಚ್ಚು. ಸಿಸೇರಿಯನ್‌ನಲ್ಲಿ ಹುಟ್ಟಿದರೂ ಇದು ತಪ್ಪಿದ್ದಲ್ಲ, ಏಕೆಂದರೆ ಕಾರಣ ಹುಟ್ಟಿದ ಬಗೆಯಲ್ಲ, ಹೊಟ್ಟೆಯೊಳಗೆ ಕೂತಿದ್ದ ಬಗೆ. ಮಕ್ಕಳ ವೈದ್ಯರು ಮೊದಲ ದಿನಗಳಲ್ಲೇ ತೊಡೆ ಅಗಲಿಸಿ ಕೀಲು ಜಾರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. 36 ವಾರ ದಾಟಿಯೂ ಬ್ರೀಚ್ ಆಗಿದ್ದ ಮಗುವಿಗೆ ಆರು ವಾರದ ಸುಮಾರಿಗೆ ಕೀಲಿನ ಅಲ್ಟ್ರಾಸೌಂಡ್ ಮಾಡಿಸಬೇಕೆಂಬ ಸಲಹೆಯಿದೆ. ಡಿಸ್ಚಾರ್ಜ್ ಆಗುವಾಗ ಇದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬೇಗ ಗೊತ್ತಾದರೆ ಕೆಲವು ವಾರ ಮೆತ್ತನೆಯ ಪಟ್ಟಿ ತೊಡಿಸಿದರೆ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ನಡೆಯಲು ಕಲಿತ ಮೇಲೆ ಗೊತ್ತಾದರೆ ಆಪರೇಷನ್ ಬೇಕಾಗಬಹುದು.

ಬಾಣಂತನದ ಮನೆಯಲ್ಲಿ ಎಣ್ಣೆ ನೀರು ಹಾಕಿದ ಮೇಲೆ ಕಾಲುಗಳನ್ನು ನೇರವಾಗಿ ಎಳೆದು, ಜೋಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವ ರೂಢಿ ಹಲವೆಡೆ ಇದೆ. ಈ ಕೀಲಿಗೆ ಅದು ಒಳ್ಳೆಯದಲ್ಲ. ಎದೆ, ಕೈ ಬೆಚ್ಚಗೆ ಸುತ್ತಿ, ಮೊಣಕಾಲು ಮಡಚಿ ಅಗಲಿಸಲು ಜಾಗ ಬಿಡಿ. ಕತ್ತು ನಿಂತ ಮೇಲೆ ಮಗುವನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುವ ನಮ್ಮ ಇನ್ನೊಂದು ಅಭ್ಯಾಸ ಅದೇ ಕೀಲಿಗೆ ಬಹಳ ಒಳ್ಳೆಯದು.